ಗುಳೆ ಹೋದವರ ಬಿಡಾರ, ದುಡಿಮೆಯ ದಾರಿ

ದೊಡ್ಡ ನಗರಕ್ಕೆ ಹೊರಗಿನಿಂದ ಬಂದು ದುಡಿಯುವವರ ಬದುಕನ್ನು ಕುರಿತ ಚರ್ಚೆಗಳಲ್ಲಿ ವಸತಿ ಮತ್ತು ಸಂಚಾರ ಎಂಬ ಎರಡು ವಿಷಯಗಳು ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಮನೆಯ ಮಾತು ವಸತಿ ಇಲಾಖೆಗೂ ಬಸ್ಸಿನ ಮಾತು ಸಾರಿಗೆ ಇಲಾಖೆಗೂ ಸೇರಿದ್ದೆಂದು ಆಡಳಿತವು ಹಂಚಿಕೊಂಡಿರುವುದರಿಂದ, ಅವೆರಡರ ಖರ್ಚೂ ಒಂದೇ ಕುಟುಂಬದ ಒಂದೇ ಕೂಲಿಯಿಂದ ಹೋಗುತ್ತದೆ ಎಂಬ ಸಂಗತಿ ಮರೆತುಹೋಗುತ್ತದೆ. ಕೆಲಸದ ಜಾಗಕ್ಕೆ ಹತ್ತಿರವಿರುವ ಮನೆಗೆ ಬಾಡಿಗೆ ಹೆಚ್ಚು, ಬಾಡಿಗೆ ಕಡಿಮೆಯಿರುವ ಮನೆಗೆ ದಾರಿ ಹೆಚ್ಚು. ಈ ಎರಡರ ನಡುವೆ ಆರಿಸಿಕೊಳ್ಳಬೇಕಾದ ಇಕ್ಕಟ್ಟು ಶಾಂಘೈಯಲ್ಲಿರುವ ವಿದೇಶಿ ನೌಕರನಿಗೂ ಇದೆ, ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಕೂಡ್ಲಿಗಿಯ ಕುಟುಂಬಕ್ಕೂ ಇದೆ. ಆದರೆ ಇಕ್ಕಟ್ಟಿನ ಭಾರವನ್ನು ಯಾರು ಹೊರುತ್ತಾರೆ ಎಂಬಲ್ಲಿ ಇಬ್ಬರ ದಾರಿಯೂ ಬೇರೆಯಾಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಈ ಸೀಮೆಯನ್ನು ಮಧ್ಯಕಾಲದ ಶಾಸನಗಳು ‘ಕೋಗಳಿ ಐನೂರು’ ಎಂದು ಕರೆದಿವೆ. ಹೆಸರಿನ ಮೂಲವಾದ ಕೋಗಳಿ ಇಂದು ಇದೇ ಸೀಮೆಯ ಒಂದು ಗ್ರಾಮ. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯಗಳನ್ನು ಕಟ್ಟಿಸುವಷ್ಟು ಸಂಪತ್ತು ಒಂದು ಕಾಲಕ್ಕೆ ಇದ್ದ ಈ ನಾಡು, ಮಳೆಯನ್ನೇ ನಂಬಿದ ಕೆಂಪು ಮಸಾರಿ ಮತ್ತು ಕಪ್ಪು ಎರೆ ಹೊಲಗಳ ನಾಡೂ ಹೌದು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಸೀಮೆಯ ಹಲವು ಹಳ್ಳಿಗಳನ್ನು ಮುಳುಗಿಸಿತು. ಆ ನೀರು ಕಾಲುವೆಗಳಲ್ಲಿ ಹರಿದುಹೋದದ್ದು ಬಹುಪಾಲು ಅಣೆಕಟ್ಟಿನ ಕೆಳಗಿನ ಹೊಸಪೇಟೆ, ಸಿರುಗುಪ್ಪ, ಗಂಗಾವತಿ, ರಾಯಚೂರುಗಳ ಗದ್ದೆಗೆ. ಎತ್ತರದ ಕೂಡ್ಲಿಗಿ, ಕೊಟ್ಟೂರುಗಳ ಹೊಲಗಳು ಮುಗಿಲನ್ನೇ ನೋಡುತ್ತ ಉಳಿದವು. ಪ್ರಾದೇಶಿಕ ಅಸಮಾನತೆಯನ್ನು ಅಳೆದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯು ಕೂಡ್ಲಿಗಿ ಮತ್ತು ಹರಪನಹಳ್ಳಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿರಿಸಿದ್ದು ಈ ಚರಿತ್ರೆಯ ಫಲವೇ ಆಗಿದೆ.

ಗುಳೆ ಎಂಬ ಪದವನ್ನು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲವಾದರೂ, ವಲಸೆ ಎಂಬ ಪುಸ್ತಕದ ಮಾತಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವುದು ಅಗತ್ಯ. ವಲಸೆ ಹೋದವರು ಹೋದಲ್ಲಿ ನೆಲೆಸುತ್ತಾರೆ. ಗುಳೆ ಹೋದವರು ಮರಳುತ್ತಾರೆ. ಮುಂಗಾರಿನ ಶೇಂಗಾ, ಮೆಕ್ಕೆಜೋಳ, ನವಣೆಗಳ ಒಕ್ಕಲು ಮುಗಿದು ದೀಪಾವಳಿ ಕಳೆದ ಮೇಲೆ ಹೊರಟವರು, ಭಾರತ ಹುಣ್ಣಿಮೆಯ ಮೈಲಾರದ ಕಾರಣಿಕಕ್ಕೋ ಕೊಟ್ಟೂರೇಶ್ವರನ ತೇರಿಗೋ ಒಮ್ಮೆ ಬಂದುಹೋಗಿ, ಬಿತ್ತನೆಯ ಹದಕ್ಕೆ ಮತ್ತೆ ಊರು ಸೇರುತ್ತಾರೆ. ಧಾತು ಸಂವತ್ಸರದ ಬರವೆಂದು ನೆನಪಿನಲ್ಲುಳಿದಿರುವ 1876–78ರ ಕ್ಷಾಮ ಅಂದಿನ ಬಳ್ಳಾರಿ ಜಿಲ್ಲೆಯನ್ನು ತೀವ್ರವಾಗಿ ಬಡಿದಾಗ ಜೀವ ಉಳಿಸಿಕೊಳ್ಳಲು ಎದ್ದ ಗುಳೆ, ಈಗ ಪ್ರತಿವರ್ಷದ ದುಡಿಮೆಯ ಕ್ರಮವಾಗಿದೆ. ದಿಕ್ಕೂ ಬದಲಾಗಿದೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಸೀಮೆಯ ರಾಜಧಾನಿ ಮದರಾಸು. ಬೆಂಗಳೂರು ಇಲ್ಲಿನವರ ಗುಳೆಯ ಊರಾದದ್ದು ಆ ನಂತರದ ದಶಕಗಳಲ್ಲಿ.

ಎಲ್ಲ ಗುಳೆಯೂ ಬೆಂಗಳೂರಿಗೇ ಹೋಗುವುದಿಲ್ಲ. ಹರಪನಹಳ್ಳಿ, ಹಡಗಲಿ ಭಾಗದ ಲಂಬಾಣಿ ತಾಂಡಾಗಳಿಂದ ಮಂಡ್ಯದ ಕಬ್ಬು ಕಟಾವಿಗೆ ಹೋಗುವವರಿದ್ದಾರೆ, ಚಿಕ್ಕಮಗಳೂರು ಮತ್ತು ಕೊಡಗಿನ ಕಾಫಿ ಸೀಮೆಗೆ ಹೋಗುವವರಿದ್ದಾರೆ. ಈ ಎರಡೂ ಕಡೆ ಬಿಡಾರದ ಪ್ರಶ್ನೆ ಸರಳವಾಗಿದೆ, ಏಕೆಂದರೆ ಬಿಡಾರ ಕೆಲಸದ ಜೊತೆಗೇ ಬರುತ್ತದೆ. ಕಬ್ಬಿನ ಗದ್ದೆಯ ಅಂಚಿನಲ್ಲಿ ಗುಡಿಸಲು ಏಳುತ್ತದೆ. ಕಾಫಿ ತೋಟದಲ್ಲಿ ‘ಲೈನ್‌ಮನೆ’, ಎಂದರೆ ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಕಾರ್ಮಿಕರ ಕೋಣೆಗಳು, ಸಿಗುತ್ತದೆ. ತೋಟದ ಕಾರ್ಮಿಕರಿಗೆ ಮನೆ ಒದಗಿಸುವುದು ಮಾಲೀಕರ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾಯ್ದೆ ವಿಧಿಸಿತ್ತು. ಸಂಡೂರು ಸೀಮೆಯ ತೋರಣಗಲ್ಲು ಮತ್ತು ದೋಣಿಮಲೈಗಳಲ್ಲಿ ಉಕ್ಕು ಮತ್ತು ಅದಿರಿನ ಕಂಪನಿಗಳು ದೂರದಿಂದ ಬಂದ ನೌಕರರಿಗಾಗಿ ಕಾಲೊನಿಗಳನ್ನೇ ಕಟ್ಟಿಸಿರುವುದನ್ನು ಈ ಭಾಗದವರೆಲ್ಲ ಕಂಡಿದ್ದಾರೆ. ದೂರದಿಂದ ಕರೆಸಿಕೊಂಡ ಕೆಲಸಗಾರನ ಮನೆ ಕೆಲಸ ಕೊಟ್ಟವರ ಖರ್ಚಿಗೆ ಸೇರಬೇಕು ಎಂಬ ತತ್ತ್ವ ಈ ನಾಡಿಗೆ ಹೊಸದೇನಲ್ಲ. ನಗರದ ಕಟ್ಟಡ ಕೆಲಸಕ್ಕೆ ಬಂದಾಗ ಮಾತ್ರ ಅದು ಸಡಿಲವಾಗುತ್ತದೆ.

ಬೆಂಗಳೂರಿನಲ್ಲಿ ಇವರ ಬಿಡಾರಗಳನ್ನು ಮೂರು ಬಗೆಯಾಗಿ ನೋಡಬಹುದು. ಕಟ್ಟುತ್ತಿರುವ ಮನೆಯ ಮಗ್ಗುಲಲ್ಲೇ, ಸಿಮೆಂಟ್ ಚೀಲಗಳನ್ನಿಡುವ ಕೋಣೆಗೆ ತಾಗಿದಂತೆ, ಇಲ್ಲವೇ ಎದುರಿನ ಖಾಲಿ ನಿವೇಶನದಲ್ಲಿ ಮೇಸ್ತ್ರಿ ಹಾಕಿಸಿಕೊಡುವ ತಗಡಿನ ಶೆಡ್ ಮೊದಲನೆಯದು. ಇದಕ್ಕೆ ಬಾಡಿಗೆಯಿಲ್ಲ, ದಾರಿಯ ಖರ್ಚೂ ಇಲ್ಲ. ಆದರೆ ಅಲ್ಲಿ ಉಳಿಯುವ ಕುಟುಂಬವು ರಾತ್ರಿ ಕಬ್ಬಿಣ, ಸಿಮೆಂಟುಗಳನ್ನು ಕಾಯುತ್ತದೆ, ಹೊಸ ಗೋಡೆ ಮತ್ತು ಮೋಲ್ಡಿಗೆ ಬೆಳಗ್ಗೆ ಸಂಜೆ ನೀರುಣಿಸುತ್ತದೆ, ಲಾರಿ ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಎದ್ದು ಮರಳು ಇಳಿಸಿಕೊಳ್ಳುತ್ತದೆ. ಕೂಲಿಯ ಲೆಕ್ಕಕ್ಕೆ ಹತ್ತದ ಈ ಕೆಲಸಗಳನ್ನೇ ಆ ಶೆಡ್ಡಿನ ಬಾಡಿಗೆಯೆಂದು ತಿಳಿಯಬೇಕು. ಟೈಲ್ಸ್ ಮತ್ತು ಬಣ್ಣದ ಕೆಲಸ ಆರಂಭವಾದೊಡನೆ ಶೆಡ್ ಬಿಚ್ಚಲಾಗುತ್ತದೆ, ಕುಟುಂಬ ಮುಂದಿನ ಅಡಿಪಾಯದ ಕಡೆಗೆ ನಡೆಯುತ್ತದೆ. ಕಟ್ಟಡದಲ್ಲಿ ಜನ ವಾಸಿಸತೊಡಗುವ ಹೊತ್ತಿಗೆ ಅದನ್ನು ಕಟ್ಟಿದವರ ವಾಸ ಅಲ್ಲಿಂದ ಎದ್ದಿರುತ್ತದೆ.

ಎರಡನೆಯ ಬಗೆಯದು ನಗರದ ಹೊರ ಅಂಚಿನಲ್ಲಿ, ಇನ್ನೂ ಕಟ್ಟಡವೇಳದ ಖಾಸಗಿ ಜಮೀನಿನಲ್ಲಿ, ನೀಲಿ ಟಾರ್ಪಾಲು ಮತ್ತು ತಗಡಿನಿಂದ ಸಾಲಾಗಿ ನಿಂತ ಶೆಡ್ಡುಗಳ ಗುಂಪು. ಇಲ್ಲಿ ಜಾಗಕ್ಕೆ ತಿಂಗಳ ಬಾಡಿಗೆಯಿದೆ. ನೀರನ್ನು ಟ್ಯಾಂಕರಿನವರಿಂದ ಕೊಡದ ಲೆಕ್ಕದಲ್ಲಿ ಕೊಳ್ಳಬೇಕಾಗುವುದರಿಂದ, ಪಕ್ಕದ ಬಡಾವಣೆಯಲ್ಲಿ ನಲ್ಲಿಯ ನೀರು ಪಡೆಯುವವರಿಗಿಂತ ಇವರು ಅದೇ ನೀರಿಗೆ ಹೆಚ್ಚು ತೆರುತ್ತಾರೆ. ಶೌಚಾಲಯವಿಲ್ಲದ ಕಡೆ ಹೆಂಗಸರ ದಿನ ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ, ಸ್ನಾನಕ್ಕೆ ಸೀರೆಯ ಮರೆಯೇ ಗೋಡೆ. ಹಳ್ಳಿಯಲ್ಲಿ ಬಡತನವಿದ್ದರೂ ಬಯಲಿತ್ತು, ಬಾವಿಯಿತ್ತು, ಗುರುತಿನ ಜನರಿದ್ದರು. ಇಲ್ಲಿನ ಕಷ್ಟವನ್ನು ಕೇವಲ ಬಡತನ ಎಂದು ಕರೆದರೆ ಅದರ ನಿಜವಾದ ರೂಪ ತಪ್ಪಿಹೋಗುತ್ತದೆ.

ಮೂರನೆಯದು ಬಾಡಿಗೆಯ ಕೋಣೆ. ಬೆಂಗಳೂರು ಬೆಳೆಯುತ್ತ ನುಂಗಿದ ಹಳ್ಳಿಗಳ ಗ್ರಾಮಠಾಣೆಯಲ್ಲಿ, ಎಂದರೆ ಹಳೆಯ ಊರಿನ ಮನೆಗಳಿದ್ದ ನೆಲದಲ್ಲಿ, ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ವಠಾರದ ಕೋಣೆಗಳು ಇಂದಿಗೂ ಕೂಲಿಯವರಿಗೆ ಎಟುಕುವ ಏಕೈಕ ಗಟ್ಟಿ ಮನೆ. ಆದರೆ ಇಲ್ಲಿಯ ಮೊದಲ ಗೋಡೆ ಮುಂಗಡ. ಹತ್ತು ತಿಂಗಳ ಬಾಡಿಗೆಯಷ್ಟು ಹಣವನ್ನು ಮೊದಲೇ ಇಡಿಸಿಕೊಳ್ಳುವ ರೂಢಿ ಬೆಂಗಳೂರಿನಲ್ಲಿ ಬಹುಕಾಲ ನಡೆದುಬಂದಿದೆ. ದೊಡ್ಡ ಮೊತ್ತವೊಂದನ್ನು ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ವಾಸಿಸುವ ‘ಭೋಗ್ಯ’ದ ಪದ್ಧತಿಯಂತೂ ಕೂಡಿಟ್ಟ ಹಣವಿರುವವರಿಗಷ್ಟೇ ಸಾಧ್ಯ. ವಸತಿಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆಯಾದರೂ, ಅದು ರಾಜ್ಯಗಳಿಗೆ ಕೊಟ್ಟ ಮಾದರಿಯಷ್ಟೆ. ವರ್ಷದಲ್ಲಿ ಆರೇಳು ತಿಂಗಳು ಮಾತ್ರ ನಗರದಲ್ಲಿರುವ ಕುಟುಂಬಕ್ಕೆ ಹತ್ತು ತಿಂಗಳ ಮುಂಗಡದ ಕೋಣೆ ಹೊಂದುವುದಾದರೂ ಹೇಗೆ? ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಗೆಂದೋ ಕಂಪನಿಯ ಕೆಲಸಕ್ಕೆಂದೋ ಹೋದ ಈ ಸೀಮೆಯ ಓದಿದ ಯುವಕ ಯುವತಿಯರು ಪಿ.ಜಿ.ಗಳಲ್ಲಿ ಹಾಸಿಗೆಯ ಲೆಕ್ಕಕ್ಕೆ ಬಾಡಿಗೆ ಕೊಟ್ಟು ಈ ಗೋಡೆಯನ್ನು ದಾಟಿದ್ದಾರೆ. ಕುಟುಂಬ ಕಟ್ಟಿಕೊಂಡು ಹೋದ ಕೂಲಿಯವರಿಗೆ ಅಂಥ ಏರ್ಪಾಡಿಲ್ಲ.

ಶೆಡ್ಡಿನಂಥ ಬಿಡಾರವನ್ನು ಜನ ಏಕೆ ಒಪ್ಪಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರ ದಾರಿಯಲ್ಲಿದೆ. ನಗರದ ಅಂಚಿನ ಕೋಣೆಯಿಂದ ಕೆಲಸಕ್ಕೆ ಹೋಗಿಬರಲು ದಿನಕ್ಕೆ ಎರಡು ಗಂಟೆ ಬೇಕಾದರೆ, ತಿಂಗಳ 26 ಕೆಲಸದ ದಿನಗಳಲ್ಲಿ 52 ಗಂಟೆಗಳು ದಾರಿಗೇ ಹೋಗುತ್ತವೆ. ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಅದು ಆರೂವರೆ ದಿನ. ಬೆಳಗ್ಗೆ ಕೂಲಿಯಾಳುಗಳು ಸೇರುವ ವೃತ್ತಗಳಲ್ಲಿ, ‘ಲೇಬರ್ ಸ್ಟ್ಯಾಂಡ್’ ಎಂದು ಕರೆಯುವ ಜಾಗಗಳಲ್ಲಿ, ತಡವಾಗಿ ಬಂದವರಿಗೆ ಆ ದಿನದ ಕೆಲಸವೇ ತಪ್ಪುತ್ತದೆ, ಆದ್ದರಿಂದ ಅವರ ಪಾಲಿಗೆ ಬಸ್ಸಿನ ಹತ್ತು ನಿಮಿಷದ ವಿಳಂಬ ಒಂದು ದಿನದ ಕೂಲಿಯ ನಷ್ಟವಾಗಬಲ್ಲದು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಆರಂಭವಾದ ನಮ್ಮ ಮೆಟ್ರೊ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಸುಮಾರು 96 ಕಿಲೋಮೀಟರ್‌ಗಳಷ್ಟಾಗಿದೆ. ಆದರೆ ಅದೇ ವರ್ಷದ ಫೆಬ್ರುವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಆ ಗರಿಷ್ಠ ದರ ಕೊಟ್ಟು ದಿನವೂ ಹೋಗಿಬರುವವರು 26 ದಿನಕ್ಕೆ 4,680 ರೂಪಾಯಿ ತೆರಬೇಕಾಗುವ ಈ ಗಾಡಿ, ಸನಿಕೆ ಬುಟ್ಟಿಗಳೊಂದಿಗೆ ಹೊರಡುವ ಗಾರೆಯವರ ಗಾಡಿಯಲ್ಲ.

ಈ ವಿಷಯದಲ್ಲಿ ನಿಜವಾದ ಬದಲಾವಣೆ ತಂದದ್ದು 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ. ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಕರ್ನಾಟಕದ ನಿವಾಸಿಯೆಂಬ ಗುರುತಿನ ಚೀಟಿ ತೋರಿಸುವ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲದಿರುವುದರಿಂದ, ಕೂಡ್ಲಿಗಿಯ ಹೆಣ್ಣುಮಗಳು ಬೆಂಗಳೂರಿನ ನಗರ ಸಾರಿಗೆಯಲ್ಲೂ ಉಚಿತವಾಗಿ ಕೆಲಸಕ್ಕೆ ಹೋಗಬಹುದು, ಹಬ್ಬಕ್ಕೆ ಊರಿಗೂ ಬರಬಹುದು. ಹಳ್ಳಿಯಲ್ಲಿ ಬಿಟ್ಟುಬಂದ ಮಗುವಿಗೆ ಜ್ವರ ಬಂದರೆ ಆ ದಿನವೇ ಹೊರಡಬಹುದಾದದ್ದು ಸಣ್ಣ ಸಂಗತಿಯಲ್ಲ. ಶಕ್ತಿಯ ಖರ್ಚನ್ನು ಕುರಿತು ನಡೆಯುವ ವಾದಗಳಲ್ಲಿ ಈ ಲಾಭ ಎಣಿಕೆಗೆ ಬರಲೇಬೇಕು. ರೈಲಿನ ಕಥೆ ಇಷ್ಟು ಹಿತವಾದದ್ದಲ್ಲ. ಹೊಸಪೇಟೆಯಿಂದ ಕೊಟ್ಟೂರಿಗೆ 1905ರಲ್ಲೇ ಹಳಿ ಬಂದಿದ್ದರೂ, ಹಳಿಯ ಅಗಲ ಬದಲಿಸುವ ಕಾಮಗಾರಿಗೆಂದು ನಿಂತ ಪ್ರಯಾಣಿಕರ ಗಾಡಿ ಮತ್ತೆ ಓಡಲು 2019ರವರೆಗೆ ಕಾಯಬೇಕಾಯಿತು. ಕೂಡ್ಲಿಗಿ ಪಟ್ಟಣಕ್ಕಂತೂ ಹೆದ್ದಾರಿಯೊಂದೇ ಗತಿ.

ಚೀನಾದ ಮಹಾನಗರಗಳ ಅನುಭವವನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಶಾಂಘೈಗೆ ಕಂಪನಿಯೊಂದು ಕಳುಹಿಸಿದ ವಿದೇಶಿ ಅಧಿಕಾರಿಯ ವೇತನದ ಜೊತೆಗೆ ಬಾಡಿಗೆಯ ಭತ್ಯೆಯೂ ಹಲವು ಸಲ ಕಾರು ಮತ್ತು ಚಾಲಕನೂ ಸೇರಿರುತ್ತಿದ್ದ ಪದ್ಧತಿಯಿಂದಾಗಿ, ಗೂಬೇ, ಜಿನ್‌ಚಿಯಾವ್ ಮೊದಲಾದ ವಿದೇಶಿಯರ ಬಡಾವಣೆಗಳು ಬೆಳೆದವು. ಆತನ ಮೇಲಿದ್ದ ನಿಯಮ, ಮನೆ ಸೇರಿದ 24 ಗಂಟೆಯೊಳಗೆ ಪೊಲೀಸರಲ್ಲಿ ವಾಸದ ನೋಂದಣಿ ಮಾಡಿಸುವುದು. ಮಾಲೀಕನಿಗೆ ಕೊಡಬೇಕಾದದ್ದು ಸಾಮಾನ್ಯವಾಗಿ ಒಂದು ತಿಂಗಳ ಠೇವಣಿ ಮತ್ತು ಮೂರು ತಿಂಗಳ ಬಾಡಿಗೆ. 1993ರಲ್ಲಿ ಆರಂಭವಾದ ಶಾಂಘೈ ಮೆಟ್ರೊ ಇಂದು 800 ಕಿಲೋಮೀಟರ್ ದಾಟಿರುವುದರಿಂದ ಅಗ್ಗದ ಮನೆ ದೂರವಿದ್ದರೂ ದಾರಿ ಊಹಿಸಬಹುದಾದ ದಾರಿಯಾಗಿದೆ.

ಅದೇ ನಗರಗಳಿಗೆ ಚೀನಾದ ಹಳ್ಳಿಗಳಿಂದ ಬಂದ ಕಾರ್ಮಿಕರ ಕಥೆ ಬೇರೆ. 1958ರ ನಿಯಮಗಳಿಂದ ಗಟ್ಟಿಯಾದ ‘ಹುಕೌ’ ಎಂಬ ಕುಟುಂಬ ನೋಂದಣಿಯು ಪ್ರತಿಯೊಬ್ಬರನ್ನೂ ಹುಟ್ಟೂರಿಗೆ ಕಟ್ಟಿಹಾಕಿ, ನಗರದ ಶಾಲೆ, ಚಿಕಿತ್ಸೆ, ಸರ್ಕಾರಿ ಮನೆಗಳನ್ನು ಆ ನಗರದ ನೋಂದಣಿಯಿದ್ದವರಿಗೆ ಮೀಸಲಿಟ್ಟಿತು. ಆದ್ದರಿಂದ ಹಳ್ಳಿಗರು ಕಾರ್ಖಾನೆಯ ಆವರಣದ ಸಾಮೂಹಿಕ ವಸತಿಗಳಲ್ಲಿ, ಇಲ್ಲವೇ ‘ಚೆಂಗ್‌ಜೋಂಗ್‌ಚುನ್’ ಎಂದು ಕರೆಯುವ ನಗರದೊಳಗಿನ ಹಳ್ಳಿಗಳಲ್ಲಿ ನೆಲೆ ಕಂಡುಕೊಂಡರು. ಗುವಾಂಗ್‌ಝೌ ಮತ್ತು ಶೆನ್‌ಝೆನ್‌ಗಳಲ್ಲಿ ಹೊಲಗಳನ್ನು ನಗರ ವಶಪಡಿಸಿಕೊಂಡಾಗ ಮನೆಯ ನಿವೇಶನಗಳು ಮೂಲ ಹಳ್ಳಿಗರಿಗೇ ಉಳಿದವು. ಅವರು ಅಲ್ಲಿ ಎದುರುಬದುರು ಕಿಟಕಿಯಿಂದ ಕೈಕುಲುಕಬಹುದಾದಷ್ಟು ಒತ್ತಾಗಿ ಬಹುಮಹಡಿಗಳನ್ನೆಬ್ಬಿಸಿ ಬಾಡಿಗೆಗೆ ಕೊಟ್ಟರು. ಬೆಂಗಳೂರಿನ ಗ್ರಾಮಠಾಣೆಯ ವಠಾರಗಳಿಗೂ ಇವುಗಳಿಗೂ ಇರುವ ಹೋಲಿಕೆ ಆಕಸ್ಮಿಕವಲ್ಲ, ಏಕೆಂದರೆ ನಗರ ಯೋಜನೆ ಮರೆತ ಜನಕ್ಕೆ ನಗರ ನುಂಗಿದ ಹಳ್ಳಿಯೇ ಎರಡೂ ಕಡೆ ಮನೆ ಕೊಟ್ಟಿತು. 2017ರ ನವೆಂಬರ್‌ನಲ್ಲಿ ಬೀಜಿಂಗ್‌ನ ದಾಶಿಂಗ್ ಪ್ರದೇಶದ ಇಂಥದೊಂದು ಕಟ್ಟಡದ ಬೆಂಕಿಯಲ್ಲಿ 19 ಜನ ಸತ್ತಾಗ, ನಗರಾಡಳಿತ ಸುರಕ್ಷತೆಯ ಹೆಸರಿನಲ್ಲಿ ಕೈಗೊಂಡ ತೆರವು ಕಾರ್ಯಾಚರಣೆ ಸಾವಿರಾರು ವಲಸಿಗರನ್ನು ಚಳಿಗಾಲದ ನಡುವೆ ಬೀದಿಗೆ ನೂಕಿತು. ಕೆಟ್ಟ ಮನೆಯನ್ನು ಕೆಡವುವುದರಿಂದ ಒಳ್ಳೆಯ ಮನೆ ಹುಟ್ಟುವುದಿಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ.

ಭಾರತದಲ್ಲಿ ಹುಕೌ ಇಲ್ಲ. ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. ಆದರೂ ಕೋಗಳಿ ನಾಡಿನ ಗುಳೆಯವರು ಕಾನೂನಿನ ಕಣ್ಣಿಗೆ ಬೀಳದಿರುವುದಕ್ಕೆ ಬೇರೊಂದು ಕಾರಣವಿದೆ. ವಲಸೆ ಕಾರ್ಮಿಕರ ರಕ್ಷಣೆಗೆಂದು 1979ರಲ್ಲಿ ಬಂದ ಕಾಯ್ದೆ ‘ಅಂತರರಾಜ್ಯ’ ವಲಸೆಗಾರರಿಗೆ ಮಾತ್ರ ಅನ್ವಯಿಸುತ್ತಿತ್ತು. ಅದನ್ನು ಒಳಗೊಂಡು 2020ರಲ್ಲಿ ಅಂಗೀಕಾರವಾದ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ರಾಜ್ಯದ ಗಡಿ ದಾಟಿದವರನ್ನೇ ವಲಸೆ ಕಾರ್ಮಿಕರೆಂದು ಎಣಿಸುತ್ತದೆ. ಹೀಗಾಗಿ ಆಂಧ್ರದ ಗಡಿಯಾಚೆಗೆ ಐವತ್ತು ಕಿಲೋಮೀಟರ್ ಹೋದವರು ವಲಸಿಗರು, ಕೂಡ್ಲಿಗಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್‌ಗಳಿಗೆ ತುಸು ಕಡಿಮೆ ದೂರ ಹೋದವರು ವಲಸಿಗರಲ್ಲ. ಈ ವ್ಯಾಖ್ಯೆ ತಪ್ಪು. ಬದುಕನ್ನು ಕದಲಿಸುವುದು ದೂರ ಮತ್ತು ಕಾಲವೇ ಹೊರತು ನಕ್ಷೆಯ ಗೆರೆಯಲ್ಲ. ಇವರಿಗೆ ನೆರವಾಗಬಹುದಾಗಿದ್ದ ಇನ್ನೊಂದು ಕಾನೂನು 1996ರ ಕಟ್ಟಡ ಕಾರ್ಮಿಕರ ಕಾಯ್ದೆ. ಕೆಲಸದ ಜಾಗದಲ್ಲಿ ಅಥವಾ ಅದಕ್ಕೆ ಆದಷ್ಟು ಹತ್ತಿರದಲ್ಲಿ, ಅಡುಗೆ, ಸ್ನಾನ, ಶೌಚಗಳಿಗೆ ಪ್ರತ್ಯೇಕ ಅನುಕೂಲವಿರುವ ತಾತ್ಕಾಲಿಕ ವಸತಿಯನ್ನು ಬಾಡಿಗೆಯಿಲ್ಲದೆ ಮಾಲೀಕ ಒದಗಿಸಬೇಕೆಂದೂ, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಇರಬೇಕೆಂದೂ ಅದು ವಿಧಿಸಿತ್ತು. ಮನೆ ಮತ್ತು ದಾರಿ ಎರಡನ್ನೂ ಒಟ್ಟಿಗೆ ಯೋಚಿಸಿದ ಅಪರೂಪದ ನಿಯಮವಿದು. ಆದರೆ ನಾಲ್ಕಾರು ಆಳುಗಳ ಸಣ್ಣ ಕಟ್ಟಡಗಳಲ್ಲಿ, ಮೇಸ್ತ್ರಿಯ ಕೈಕೆಳಗೆ ದುಡಿಯುವವರವರೆಗೆ ಅದು ತಲುಪಲೇ ಇಲ್ಲ.

ಕಣ್ಣಿಗೆ ಬೀಳದವರ ಪಾಡೇನೆಂಬುದು 2020ರಲ್ಲಿ ಎರಡು ಸಲ ಗೊತ್ತಾಯಿತು. ಆ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಬಳಿಯ ಶೆಡ್ಡುಗಳನ್ನು ಅಕ್ರಮ ವಿದೇಶಿಯರ ನೆಲೆಯೆಂಬ ಶಂಕೆಯಲ್ಲಿ ನೆಲಸಮ ಮಾಡಿದಾಗ, ಅಲ್ಲಿ ಮನೆ ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗ ಕುಟುಂಬಗಳೂ ಇದ್ದವು. ಹೈಕೋರ್ಟ್ ಮಧ್ಯೆ ಬಂದು ಪುನರ್ವಸತಿಗೆ ಆದೇಶಿಸಬೇಕಾಯಿತು. ಲಾಕ್‌ಡೌನ್ ಬಂದ ಮೇಲೆ, ಮೇ ತಿಂಗಳ ಮೊದಲ ದಿನಗಳಲ್ಲಿ, ಊರಿಗೆ ಹೊರಟ ಕೂಲಿಯವರಿಂದ ಹೆಚ್ಚಿನ ದರ ಕೇಳಿದ್ದ ಸರ್ಕಾರಿ ಬಸ್ಸುಗಳು ಜನರ ಆಕ್ರೋಶದ ನಂತರ ಉಚಿತವಾಗಿ ಓಡಿದವು. ತನ್ನದೇ ರಾಜ್ಯದ ರಾಜಧಾನಿಯಲ್ಲಿ, ತನ್ನದೇ ಭಾಷೆಯಾಡುವ ಜನ ಹೊರಗಿನವರಾಗಿ ಕಂಡದ್ದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿಯಲ್ಲ.

ಮಕ್ಕಳ ಮಾತು ಇನ್ನೂ ನೋವಿನದು. ಶೆಡ್ಡು ಕಟ್ಟಡದಿಂದ ಕಟ್ಟಡಕ್ಕೆ ಸಾಗುವಾಗ ಮಗುವಿನ ಶಾಲೆ ಸಾಗುವುದಿಲ್ಲ. ಗುಳೆ ಹೋದವರ ಮಕ್ಕಳಿಗಾಗಿ ಸರ್ವ ಶಿಕ್ಷಾ ಅಭಿಯಾನದಡಿ ಬಿಡಾರದ ಬಳಿ ತೆರೆದ ಟೆಂಟ್ ಶಾಲೆಗಳು, ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ನಡೆಸಿದ ಋತುಮಾನದ ವಸತಿ ಕೇಂದ್ರಗಳು ಒಳ್ಳೆಯ ಪ್ರಯತ್ನಗಳೇ ಆಗಿದ್ದವು. ಇವೆರಡರಲ್ಲಿ ಎರಡನೆಯದಕ್ಕೆ ಹೆಚ್ಚಿನ ಬಲ ಸಿಗಬೇಕು, ಏಕೆಂದರೆ ಅಜ್ಜಿಯ ಊರಿನ ಶಾಲೆಯಲ್ಲಿ ಹೆಸರು ಉಳಿದ ಮಗು ಓದಿನಿಂದ ಜಾರುವ ಸಾಧ್ಯತೆ ಕಡಿಮೆ.

ಮಾಡಬೇಕಾದದ್ದು ಅಸಾಧ್ಯವಾದದ್ದಲ್ಲ. ಕೇರಳ ಸರ್ಕಾರ ಪಾಲಕ್ಕಾಡಿನ ಕಂಜಿಕ್ಕೋಡ್ ಕೈಗಾರಿಕಾ ಪ್ರದೇಶದಲ್ಲಿ 2019ರಲ್ಲಿ ತೆರೆದ ‘ಅಪ್ನಾ ಘರ್’ ಎಂಬ ವಸತಿಗೃಹವು ಆರುನೂರಕ್ಕೂ ಹೆಚ್ಚು ವಲಸೆ ಕಾರ್ಮಿಕರಿಗೆ ಕೆಲಸದ ಜಾಗದ ಸಮೀಪದಲ್ಲೇ ಕಡಿಮೆ ಬಾಡಿಗೆಗೆ ಹಾಸಿಗೆ ಕೊಡುವ ಏರ್ಪಾಡು. ಕೇಂದ್ರವು 2020ರಲ್ಲಿ ಪ್ರಕಟಿಸಿದ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಯೂ ಇದೇ ತತ್ತ್ವದ್ದು. ಗುಳೆಯವರಿಗೆ ಬೇಕಾದದ್ದು ನಗರದಿಂದ ಮೂವತ್ತು ಕಿಲೋಮೀಟರ್ ಆಚೆ ಹಕ್ಕುಪತ್ರದ ಮನೆಯಲ್ಲ, ಅವರ ಸ್ವಂತ ಮನೆ ಊರಲ್ಲಿದೆ. ಬೇಕಾದದ್ದು ಲೇಬರ್ ಸ್ಟ್ಯಾಂಡುಗಳಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ, ಮುಂಗಡವಿಲ್ಲದೆ, ತಿಂಗಳ ಲೆಕ್ಕದಲ್ಲಿ, ಗಂಡ ಹೆಂಡಿರು ಮಕ್ಕಳೊಡನೆ ಇರಬಹುದಾದ ಕೋಣೆ. ಕಟ್ಟಡದ ವೆಚ್ಚದ ಮೇಲೆ ಶೇಕಡ ಒಂದರಂತೆ ಸಂಗ್ರಹಿಸುವ ಸೆಸ್ಸಿನ ಹಣ ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿದೆ. ಅದನ್ನು ತೊಡಗಿಸಲು ಇದಕ್ಕಿಂತ ಯೋಗ್ಯವಾದ ಕಾರ್ಯ ಕಡಿಮೆ.

ಆ ಮಂಡಳಿಯ ಸದಸ್ಯತ್ವಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಬೇಕು, ಪಡಿತರವನ್ನು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡೆಯಬಹುದು ಎಂಬ ಎರಡು ಸಂಗತಿಗಳು ಹೊರಡುವ ಮೊದಲೇ ಪ್ರತಿ ಕುಟುಂಬಕ್ಕೆ ತಿಳಿದಿರಬೇಕು. ಈ ಐದು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ದೀಪಾವಳಿಗೆ ಮುನ್ನ ಒಂದು ಗ್ರಾಮಸಭೆಯನ್ನು ಇದಕ್ಕಾಗಿಯೇ ಕರೆದು, ಯಾವ ಮನೆಯಿಂದ ಯಾರು ಯಾವ ಊರಿಗೆ, ಯಾವ ಮೇಸ್ತ್ರಿಯ ಜೊತೆ, ಎಷ್ಟು ತಿಂಗಳಿಗೆ ಹೋಗುತ್ತಾರೆ, ಮಕ್ಕಳನ್ನು ಎಲ್ಲಿ ಬಿಡುತ್ತಾರೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ.